ತಡ ಮಾಡುವ ಪೆಟ್ಟಿಗೆ

ಟೋನಪ್ಪನಿಗೆ ಲಯ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಒಳ್ಳೆಯ ಗಿಟಾರು, ಚುರುಕು ಬೆರಳು, ಬಾಗಿಲು ಹಾಕಿಕೊಂಡು ಕೂರಲು ಒಂದು ಕೋಣೆ. ಟೋನಪ್ಪ ಎಂಬುದು ಅವನ ಅಕ್ಕನ ಗಂಡ ಇಟ್ಟ ಹೆಸರು. ಗಿಟಾರಿನ ದನಿಯ ಬಣ್ಣವನ್ನು ಮೂರು ಹೊತ್ತೂ ಟೋನು, ಟೋನು ಎನ್ನುತ್ತಾನೆಂದು ಇಟ್ಟದ್ದು, ಅದೇ ನಿಂತುಹೋಯಿತು. ಹಗಲಲ್ಲಿ ಅವನು ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಗಾಜು ಉಜ್ಜುತ್ತಿದ್ದ. ಸಂಜೆ ಹೆಡ್‌ಫೋನು ಹಾಕಿಕೊಂಡು ಗಿಟಾರು ರೆಕಾರ್ಡು ಮಾಡುತ್ತಿದ್ದ.

ಬಾಡಿಗೆ ಮನೆಯಲ್ಲಿ ಗಿಟಾರಿನ ಸದ್ದು ಹಿಗ್ಗಿಸಿ ಗೋಡೆ ನಡುಗಿಸುವ ದೊಡ್ಡ ಆಂಪ್ ಇಟ್ಟುಕೊಳ್ಳಲು ಆಗುವುದಿಲ್ಲ. ಅದಕ್ಕೇ ಮಾಡೆಲರ್ ಎಂಬ ಪೆಟ್ಟಿಗೆ ಬಂದಿದೆ. ಇಟ್ಟಿಗೆಗಿಂತ ತುಸು ದೊಡ್ಡದು. ಹತ್ತಾರು ಆಂಪುಗಳ ದನಿಯನ್ನು ಅಣಕಿಸಿ ಸೀದಾ ಕಂಪ್ಯೂಟರಿಗೆ ಕೊಡುತ್ತದೆ. ಟೋನಪ್ಪ ಅಂಥ ಮೂರು ಪೆಟ್ಟಿಗೆ ಕೊಂಡು ಮೂರನ್ನೂ ಮಾರಿದ್ದ. ಎಲ್ಲದರ ಮೇಲೂ ಒಂದೇ ದೂರು: ತಂತಿ ಮೀಟಿದ ಮೇಲೆ ಸದ್ದು ಹೊರಬರಲು ತಡವಾಗುತ್ತದೆ, ಅದಕ್ಕೇ ತಾನು ಕಂಪ್ಯೂಟರು ಬಾರಿಸುವ ಡ್ರಮ್ಮಿನ ಹಿಂದೆ ಬೀಳುತ್ತೇನೆ. ಪೆಟ್ಟಿಗೆಗಳು ತಡ ಮಾಡುವುದು ನಿಜ. ಆದರೆ ಅದು ರೆಪ್ಪೆ ಬಡಿಯುವುದರ ಒಂದು ಚೂರೂ ಅಲ್ಲ. ಮೂರನೆಯದನ್ನು ಮಾರಿದಾಗ ಅಕ್ಕ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಫೋನಿನಲ್ಲೇ ನಕ್ಕಳು. ಅವನಿಗೆ ತಾಗಲಿಲ್ಲ. ಅಕ್ಕನಿಗೆ ಟೋನಿನ ಬಗ್ಗೆ ಏನು ಗೊತ್ತು?

ಭಾವನಿಗೆ ಜಾಹೀರಾತಿನ ಹಾಡು ಮಾಡುವ ಪುಟ್ಟ ಸ್ಟುಡಿಯೋ ಇತ್ತು. ಅವನ ಗಿಟಾರಿಸ್ಟು ಕೆಲಸ ಬಿಟ್ಟ. ಮನೆಯಲ್ಲೇ ರೆಕಾರ್ಡು ಮಾಡಿ ಸಂಜೆಯೊಳಗೆ ಕಳಿಸುವವರು ಬೇಕಿತ್ತು. ಟೋನಪ್ಪ ತಾನೇ ಹೋಗಿ ಕೇಳಿದ. ಹೆಂಡತಿಯ ತಮ್ಮನಿಗೆ ಮುಖದ ಮೇಲೆ ಇಲ್ಲ ಎಂದರೆ ಮನೆಯಲ್ಲಿ ಊಟ ರುಚಿಸುವುದಿಲ್ಲ. ಭಾವ ಇಲ್ಲ ಎನ್ನಲಿಲ್ಲ. ತಡ ಮಾಡದ ಪೆಟ್ಟಿಗೆ ಹುಡುಕಿಕೋ, ಭಾನುವಾರ ಬಂದು ಕೇಳುತ್ತೇನೆ, ತಾಳಕ್ಕೆ ಕೂತರೆ ಕೆಲಸ ನಿನ್ನದು ಎಂದ. ಟೋನಪ್ಪ ಅಷ್ಟಕ್ಕೇ ಕೆಲಸ ಸಿಕ್ಕಿತೆಂದು ತಿಳಿದ. ಮರುದಿನವೇ ಅಂಗಡಿಯ ಯಜಮಾನನಿಗೆ ಬೇರೆ ಆಳು ನೋಡಿಕೊಳ್ಳಿ ಎಂದು ಹೇಳಿಬಂದ. ಗಾಜಿನ ಪುಡಿ ನುಂಗಿದ್ದು ಸಾಕು ಎಂದೂ ಸೇರಿಸಿದ.

ಊಟದ ಮೇಜಿನ ಮೇಲೆ ಎರಡು ಪೆಟ್ಟಿಗೆ ಬಂದು ಕೂತವು. ಬಿಳಿಯದು ಕೊಂಡದ್ದು, ಕರಿಯದು ಅಂಗಡಿಯಿಂದ ಬಾಡಿಗೆಗೆ ತಂದದ್ದು. ಕರಿಯದಕ್ಕೆ ಪರದೆ, ಅದರೊಳಗೆ ಪುಟಗಟ್ಟಲೆ ಆಂಪುಗಳು. ಬಿಳಿಯದಕ್ಕೆ ಒಂದು ಸಾಲು ಗುಂಡಿ ಬಿಟ್ಟರೆ ಏನೂ ಇಲ್ಲ. ಕರಿಯದರಲ್ಲಿ ಎಷ್ಟು ಕರ್ಕಶ ಏರಿಸಿದರೂ ತಂತಿಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು, ಆದರೆ ಮೆಲ್ಲಗೆ ಮೀಟಿದರೂ ಗುದ್ದಿದರೂ ಅದಕ್ಕೆ ಒಂದೇ ಮುಖ. ಬಿಳಿಯದು ಬೆರಳಿನ ಮಾತು ಕೇಳುತ್ತಿತ್ತು. ಮುಟ್ಟಿದರೆ ತಿಳಿ ನೀರು, ಒತ್ತಿದರೆ ಗುರ್ ಎನ್ನುತ್ತಿತ್ತು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಮನೆಗೆ ಬಂದ ಹೆಂಡತಿಯ ಕಿವಿಗೆ ಹೆಡ್‌ಫೋನು ಹಾಕಿ ಯಾವುದು ಮೇಲು ಎಂದು ಕೇಳಿದ. ಎರಡೂ ಒಂದೇ ಥರ ಇದೆ ಎಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಕಿತ್ತುಕೊಂಡ. ಅವಳು ಒಲೆ ಹಚ್ಚಲು ಹೋದಳು.

ಹೋಲಿಕೆ ನ್ಯಾಯವಾಗಿರಬೇಕು ಎಂಬುದು ಟೋನಪ್ಪನ ಹಟ. ಎರಡು ಸಲ ನುಡಿಸಿದರೆ ಎರಡು ಥರ ಬರುತ್ತದೆ. ಆದ್ದರಿಂದ ಗಿಟಾರನ್ನು ಯಾವ ಪೆಟ್ಟಿಗೆಗೂ ಸಿಕ್ಕಿಸದೆ, ಡ್ರಮ್ಮಿನ ಜೊತೆ ಒಂದೇ ಸಲ ನುಡಿಸಿ ಸೀದಾ ರೆಕಾರ್ಡು ಮಾಡಿಕೊಂಡ. ಆ ಬರಿ ತಂತಿಯ ಸದ್ದನ್ನೇ ಆಮೇಲೆ ಒಂದೊಂದು ಪೆಟ್ಟಿಗೆಯೊಳಗೂ ಹಾಯಿಸಿದ. ವಿಧಾನ ಸರಿಯಾದದ್ದೇ. ಬಲ್ಲವರೂ ಹಾಗೆಯೇ ಮಾಡುತ್ತಾರೆ, ಬರಿ ತಂತಿಯ ಸದ್ದನ್ನು ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ಭಾನುವಾರ ಭಾವ, ಅಕ್ಕ ಬಂದರು. ಕರಿ ಪೆಟ್ಟಿಗೆ ಹಾಕಿದ. ಭಾವನ ಕಾಲು ತಾಳ ಹಾಕಲು ಹೊರಟು ನಿಂತಿತು. ಬಿಳಿ ಪೆಟ್ಟಿಗೆ ಹಾಕಿದ. ಕಾಲು ಅಲ್ಲಾಡಲೇ ಇಲ್ಲ. ಎರಡನ್ನೂ ತೆಗೆದು ಬರೀ ತಂತಿ ಕೇಳಿಸು ಎಂದ ಭಾವ. ಇಷ್ಟು ಶುದ್ಧವಾಗಿ ಯಾರೂ ಪರೀಕ್ಷೆ ಮಾಡುವುದಿಲ್ಲ ಭಾವ ಎನ್ನುತ್ತ ಟೋನಪ್ಪ ಹೆಮ್ಮೆಯಿಂದಲೇ ಹಾಕಿದ.

ಸ್ಪೀಕರಿನಿಂದ ತಗಡಿನಂಥ ತೆಳು ಸದ್ದು ಬಂತು. ಡ್ರಮ್ಮು ಮುಂದೆ, ತಂತಿ ಹಿಂದೆ. ಬಸ್ಸು ತಪ್ಪಿದವನು ಓಡುವ ಹಾಗಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಇದು ನಂಗೊತ್ತು. ಇವರು ಕಿವಿಗೆ ಹಾಕ್ಕೊಂಡು ಕೂತಾಗ ಹೊರಗಡೆ ಕೇಳ್ಸೋದು ಇದೇ. ಮದುವೆ ಆದಾಗಿಂದ ಇದೇ."

"ಮತ್ತೆ ಹೇಳೋದಲ್ವಾಮ್ಮ?" ಎಂದ ಭಾವ.

"ಕೋಣಕ್ಕೇನು ಗೊತ್ತಾಗುತ್ತೆ ಅಣ್ಣ."

ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಇದರಲ್ಲಿ ಪೆಟ್ಟಿಗೆಯೇ ಇಲ್ಲ, ತಡ ಮಾಡಿದ್ದು ಯಾರು ಎಂದು ಭಾವ ಕೇಳಿದ. ಟೋನಪ್ಪ ಕೇಬಲ್ಲು ಎಂದ, ಕಂಪ್ಯೂಟರು ಹಳತು ಎಂದ. ಭಾವ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟ. ಡ್ರಮ್ಮಿನ ಪೆಟ್ಟುಗಳು ಗೆರೆಯ ಮೇಲೆ ನೆಟ್ಟಗೆ ನಿಂತಿದ್ದವು, ಟೋನಪ್ಪನ ಪೆಟ್ಟುಗಳು ಕೆಲವು ಒಂದು ಕೂದಲು, ಕೆಲವು ಒಂದು ಹಗ್ಗದಷ್ಟು ಬಲಕ್ಕೆ. ಯಂತ್ರದ ತಡವಾಗಿದ್ದರೆ ಎಲ್ಲವೂ ಒಂದೇ ಅಳತೆ ಸರಿದಿರಬೇಕಿತ್ತು. ಭಾವ ಎಲ್ಲವನ್ನೂ ನಿಲ್ಲಿಸಿ ಬರೀ ಟಕ್ ಟಕ್ ಎಂಬ ತಾಳ ಹಾಕಿದ.

"ಪೆಟ್ಟಿಗೆ ಬೇಡ, ಗಿಟಾರೂ ಬೇಡ. ಕೈ ತಟ್ಟು."

"ನಾನೇನು ಮಗುನಾ ಭಾವ?"

"ಮಗು ಆಗಿದ್ರೆ ಸರಿಯಾಗಿ ತಟ್ತಿತ್ತು. ತಟ್ಟು."

ಟೋನಪ್ಪ ತಟ್ಟಿದ. ಟಕ್ ಎಂದ ಮೇಲೆ ಕೈ ಬಿತ್ತು. ಹಿಡಿಯಲು ಹೋಗಿ ಮುಂದೆ ಬಿದ್ದ, ಕಾಯಲು ಹೋಗಿ ಮತ್ತೆ ಹಿಂದೆ ಬಿದ್ದ. ತಾಳ ಎಣಿಸುತ್ತಿದ್ದ ಭಾವನ ತುಟಿ ನೋಡಿಕೊಂಡು ತಟ್ಟಿದ, ಕಣ್ಣು ಮುಚ್ಚಿ ತಟ್ಟಿದ. ಸಾಕು ಬಿಡಿ ಎಂದು ಅಕ್ಕ ಹೇಳಿದಳು, ಆದರೆ ನಗುವಿನ ನಡುವೆ ಹೇಳಿದ್ದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಂಡತಿ ಬಾಗಿಲಿಗೆ ಒರಗಿ ಕೊನೆಯವರೆಗೂ ನೋಡಿದಳು. ಅಂಗೈ ಕೆಂಪಾದ ಮೇಲೆ ಭಾವ ತಾಳ ನಿಲ್ಲಿಸಿದ.

"ನಾಳೆಯಿಂದ ಒಂದು ಹುಡುಗಿ ಬರ್ತಾಳೆ. ಗಡಿಯಾರ ನುಂಗಿದ ಹಾಗೆ ನುಡಿಸ್ತಾಳೆ. ಹೋದ ವಾರಾನೇ ಮಾತಾಗಿತ್ತು. ನನ್ನ ತಮ್ಮನ್ನ ಕೇಳೋದಕ್ಕೂ ಬರ್ಲಿಲ್ಲ ಅಂತ ನಿಮ್ಮಕ್ಕ ಅನ್ಬಾರ್ದಲ್ಲ, ಅದಕ್ಕೆ ಬಂದೆ."

ಟೋನಪ್ಪ ಮೇಜಿನ ಮೇಲಿನ ಪೆಟ್ಟಿಗೆಗಳನ್ನೇ ನೋಡುತ್ತ ಕೂತ.

"ಅದಿರ್ಲಿ ಭಾವ. ಎರಡರಲ್ಲಿ ಯಾವುದು ಚೆನ್ನಾಗಿತ್ತು?"

"ಬಿಳೀದು."

ಅವನ ಮುಖ ಅರಳಿತು. ತನಗೂ ಹಾಗೇ ಅನಿಸಿತ್ತು ಎಂದ. ಹಾಗಾದರೆ ಅದನ್ನು ಸ್ವಲ್ಪ ದಿನ ಕೊಟ್ಟಿರು, ಆ ಹುಡುಗಿಯ ಹತ್ತಿರ ಒಳ್ಳೆಯದಿಲ್ಲ, ಗಿಟಾರೂ ಇದ್ದರೆ ಇನ್ನೂ ಅನುಕೂಲ ಎಂದ ಭಾವ. ತನ್ನ ಆಯ್ಕೆಯನ್ನು ಆಗಷ್ಟೇ ಮೆಚ್ಚಿದವನಿಗೆ ಇಲ್ಲ ಎನ್ನಲು ಟೋನಪ್ಪನಿಗೆ ಬಾಯಿ ಬರಲಿಲ್ಲ. ತಾನೇ ಗಿಟಾರಿನ ತಂತಿ ಒರೆಸಿ, ಎರಡನ್ನೂ ಚೀಲಕ್ಕೆ ಹಾಕಿ, ಕಾರಿನವರೆಗೂ ಹೊತ್ತುಕೊಂಡು ಹೋದ. ಮೂರನೆಯ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಬಾರದೆಂದು ಆ ಹುಡುಗಿಗೆ ಹೇಳಿ ಎಂದು ಕಿಟಕಿಯಲ್ಲಿ ಬಗ್ಗಿ ಹೇಳಿದ. ಮೇಲೆ ಬಂದಾಗ ಹೆಂಡತಿ ಮೇಜು ಒರೆಸುತ್ತಿದ್ದಳು.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ," ಎಂದು ತಟ್ಟೆ ಇಟ್ಟಳು.

ಸೋಮವಾರ ಕನ್ನಡಕದ ಅಂಗಡಿಗೆ ಹೋದ. ಸಾಣೆಯ ಮುಂದೆ ಬೇರೊಬ್ಬ ಕೂತಿದ್ದ. ನೀನೇ ಹೇಳಿದೆಯಲ್ಲ ಎಂದ ಯಜಮಾನ. ಬರುವಾಗ ಕರಿ ಪೆಟ್ಟಿಗೆಯನ್ನು ಬಾಡಿಗೆ ಅಂಗಡಿಗೆ ಹಿಂದಿರುಗಿಸಿದ. ಆಮೇಲೆ ಎರಡು ಸಲ ಭಾವನ ಹತ್ತಿರ ಗಿಟಾರು ಕೇಳಿದ್ದಕ್ಕೆ, ಕೆಲಸ ನಡೀತಿದೆ, ನೋಡೋಣ ಎಂಬ ಉತ್ತರ ಬಂತು. ಮೂರನೆಯ ಸಲ ಕೇಳಲಿಲ್ಲ.

ಸಿಗದ ಕೆಲಸವನ್ನು ಸೇರಿಸದಿದ್ದರೆ, ಹೋದದ್ದು ಗಿಟಾರು ಒಂದು, ಪೆಟ್ಟಿಗೆ ಒಂದು, ಇದ್ದ ಕೆಲಸ ಒಂದು.