ಎಂಬತ್ತು ಸೆಂಟಿಮೀಟರ್ ರೆಕ್ಕೆ

ವಿಮಾನ ನೆಲ ಬಿಟ್ಟು ಇನ್ನೂ ಎರಡಾಳು ಎತ್ತರಕ್ಕೂ ಏರಿರಲಿಲ್ಲ, ಎಡಕ್ಕೆ ವಾಲಿತು. ಈಗ ಸರಿಹೋಗುತ್ತದೆ, ಈಗ ಸರಿಹೋಗುತ್ತದೆ ಎಂದು ಹಾಲೇಶಪ್ಪ ಉಸಿರು ಬಿಗಿಹಿಡಿದು ನೋಡಿದರು. ಸರಿಹೋಗಲಿಲ್ಲ. ಮಗುಚಿ, ಹೊಟ್ಟೆ ಮೇಲಾಗಿ, ಮಲವಗೊಪ್ಪದ ಆಚೆಯ ಬೀಳು ಹೊಲಕ್ಕೆ ಮೂತಿ ಕೊಟ್ಟು ಬಿತ್ತು. ಸದ್ದು ತೀರಾ ಚಿಕ್ಕದು, ಟೀ ಕುಡಿದ ಪೇಪರ್ ಲೋಟ ತುಳಿದಷ್ಟು. ಮೂರು ತಿಂಗಳ ಕೆಲಸ ಆರೇಳು ಸೆಕೆಂಡಿನಲ್ಲಿ ಮುಗಿದುಹೋಯಿತು.

ಅವರ ಪಕ್ಕದಲ್ಲಿ ರಿಮೋಟ್ ಹಿಡಿದು ನಿಂತಿದ್ದವನು ಹೆಂಡತಿಯ ತಮ್ಮ ಮುರಳಿ. ಅವನು ಬಿದ್ದ ವಿಮಾನದ ಕಡೆ ತಿರುಗಿಯೂ ನೋಡಲಿಲ್ಲ, ತನ್ನ ಬಲಗೈಯನ್ನೇ ನೋಡುತ್ತಿದ್ದ.

"ಬಲಕ್ಕೆ ಕೊಟ್ಟೆ ಭಾವ. ಕೊಟ್ಟೆ ಅಂತ ಅಂದ್ಕೊಂಡೆ. ಕೈ ಕೊಡ್ಲಿಲ್ಲ."

ಎಂಟು ತಿಂಗಳ ಹಿಂದೆ ಮುರಳಿಗೆ ಸ್ಟ್ರೋಕ್ ಆಗಿತ್ತು. ಶಿವಮೊಗ್ಗದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಅವನದು. ಕೂದಲಿನಂಥ ತಾಮ್ರದ ತಂತಿ ಸುತ್ತುವ ಬಲಗೈಯೇ ಬಿದ್ದುಹೋಗಿ, ಫಿಸಿಯೋಥೆರಪಿಯಿಂದ ಮತ್ತೆ ಎದ್ದಿತ್ತು. ಬಲ ಬಂದಿತ್ತು, ಸ್ಪರ್ಶ ಬಂದಿರಲಿಲ್ಲ. ಹಿಡಿದದ್ದು ಬಿಸಿಯೋ ತಣ್ಣಗೋ, ಒತ್ತಿದ್ದು ಎಷ್ಟೋ, ಕೈ ಅವನಿಗೆ ಹೇಳುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಹಗುರವಾದ ಬಾಲ್ಸಾ ಮರದ ಆಟದ ವಿಮಾನ ಹಾರಿಸಿದವನು ತಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದ: ಹೊಸ ವಿಮಾನ ಈ ಕೈಯಿಂದ ಹಾರಿ ಇಳಿದರೆ ಅಂಗಡಿ ಬಾಗಿಲು ಮತ್ತೆ ತೆಗೆಯುವುದು. ಇಲ್ಲದಿದ್ದರೆ ಇಲ್ಲ. ಬೇಡ ಕಣೋ, ಇದ್ಯಾವ ಹುಚ್ಚು ಎಂದು ಅಕ್ಕ ಸತ್ಯಭಾಮಾ ಬೈದದ್ದೂ ನಾಟಿರಲಿಲ್ಲ. ಬೈದವರೇ ಹೊಲಕ್ಕೂ ಬಂದು ಅವನ ಇನ್ನೊಂದು ಪಕ್ಕದಲ್ಲಿ ನಿಂತಿದ್ದರು.

ಹೊಲದಿಂದ ಆಟೋದಲ್ಲಿ ವಾಪಸ್ ಬರುವಾಗ ಮುರಳಿ ರಿಮೋಟನ್ನು ಭಾವನ ತೊಡೆಯ ಮೇಲಿಟ್ಟ. ಗುರುವಾರ ಅಂಗಡಿಯ ಬೀಗದ ಕೈಯನ್ನು ಹಳೇ ಕೆಲಸಗಾರ ಸುನಿಲನಿಗೆ ಕೊಟ್ಟುಬಿಡುತ್ತೇನೆ ಎಂದ. ಆಮೇಲೆ, "ಒಳ್ಳೇ ವಿಮಾನ ಮಾಡ್ಕೊಟ್ಟಿದ್ರಿ ಭಾವ. ಹಾಳು ಮಾಡ್ಬಿಟ್ಟೆ. ಬೇಜಾರ್ ಮಾಡ್ಕೋಬೇಡಿ," ಎಂದ. ಬೇಜಾರೇನಿಲ್ಲ ಮಾರಾಯ ಎಂದರು ಹಾಲೇಶಪ್ಪ ದೊಡ್ಡ ಮನಸ್ಸಿನಿಂದ. ಆ ದೊಡ್ಡ ಮನಸ್ಸು ನೆನಪಾದರೆ ಅವರಿಗೆ ಇವತ್ತಿಗೂ ಮೈ ಉರಿಯುತ್ತದೆ.

ಹಾಲೇಶಪ್ಪ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಮೂವತ್ನಾಲ್ಕು ವರ್ಷ ಮರದ ಪ್ಯಾಟರ್ನ್ ಮಾಡಿದವರು. ಅವರು ಕೆತ್ತಿದ ಮರದ ಆಕಾರವನ್ನು ಮರಳಿನಲ್ಲಿ ಒತ್ತಿ, ಆ ಅಚ್ಚಿಗೆ ಕರಗಿದ ಉಕ್ಕು ಹೊಯ್ಯುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಪ್ಯಾಟರ್ನೂ ವಾಪಸ್ ಬಂದಿರಲಿಲ್ಲ. ಇದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಮದುವೆಮನೆಯಲ್ಲಿ ಎಲೆ ಮುಂದೆ ಕೂತವರಿಗೂ ಹೇಳಿದ್ದುಂಟು.

ಹಾಗಾಗಿ ವಿಮಾನದ ಕಿಟ್ಟು ಕೊರಿಯರ್‌ನಲ್ಲಿ ಜಜ್ಜಿಹೋಗಿ, ಬಲರೆಕ್ಕೆಯ ಪಟ್ಟಿಗಳೆಲ್ಲ ಮುರಿದು ಬಂದಾಗ, ಬೇರೆ ತರಿಸೋಣ ಎಂದ ಮುರಳಿಯ ಮಾತನ್ನು ಅವರು ಕೇಳಲಿಲ್ಲ. ಎಡರೆಕ್ಕೆಯನ್ನು ಕಿಟ್ಟಿನ ತುಂಡುಗಳಿಂದಲೇ ಜೋಡಿಸಿದರು. ಬಲರೆಕ್ಕೆಯನ್ನು ನಕ್ಷೆಯಲ್ಲಿದ್ದ ಅಂಕಿ ನೋಡಿಕೊಂಡು, ತಮ್ಮ ಉಕ್ಕಿನ ಸ್ಕೇಲಿನಲ್ಲಿ ಅಳೆದು, ತಾವೇ ಕತ್ತರಿಸಿದರು. ಉದ್ದ ಎಂಬತ್ತು ಸೆಂಟಿಮೀಟರ್. ಎರಡನ್ನೂ ಕೂಡಿಸುವಾಗ ನಡುವಿನಲ್ಲಿ ಒಂಚೂರು ಏರು ಕಂಡಿತು. ಕಿಟ್‌ನವರಿಗೆ ಕೆಲಸ ಬರಲ್ಲ ಎಂದು ಗೊಣಗಿ ಉಪ್ಪುಕಾಗದದಲ್ಲಿ ತಿಕ್ಕಿ ಸಮ ಮಾಡಿದರು.

ಹಾರಿಸುವ ಮುಂಚೆ ದಾರ ಹಿಡಿದು ನೋಡುವುದು ಈ ಆಟದವರ ಪದ್ಧತಿ. ಬಾಲದಿಂದ ಒಂದು ರೆಕ್ಕೆಯ ತುದಿಗೆ, ಮತ್ತೆ ಇನ್ನೊಂದರ ತುದಿಗೆ. ಎರಡೂ ಸಮ ಇರಬೇಕು. ವಿಮಾನ ಬಿದ್ದ ಭಾನುವಾರವೂ ಹೊಲದಲ್ಲಿ ಮುರಳಿ ಜೇಬಿನಿಂದ ದಾರ ತೆಗೆದಿದ್ದ. "ನನ್ ಕೆಲ್ಸಕ್ಕೆ ದಾರ ಹಿಡೀತೀಯೇನೋ?" ಎಂದಿದ್ದರು ಹಾಲೇಶಪ್ಪ. ನಗುತ್ತಲೇ ಅಂದರೂ ಮುಖ ಕೆಂಪಾಗಿತ್ತು. ಮುರಳಿ ದಾರ ಸುತ್ತಿ ಜೇಬಿಗೆ ಹಾಕಿಕೊಂಡ.

ಮಂಗಳವಾರ ಮಧ್ಯಾಹ್ನ, ಭದ್ರಾವತಿಯ ಮನೆಯ ಜಗಲಿಯಲ್ಲಿ ಸತ್ಯಭಾಮಾ ರವಿಕೆಗೆ ಹುಕ್ಕು ಹಾಕುತ್ತ ಕೂತಿದ್ದರು. ಮೂಲೆಯಲ್ಲಿ ವಿಮಾನದ ಅವಶೇಷವಿತ್ತು. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದರಿಂದ ರೆಕ್ಕೆ ಬಿದ್ದ ಏಟಿಗೆ ಕಳಚಿ, ನಡುವಿನಲ್ಲಿ ಬಿಟ್ಟುಕೊಂಡಿತ್ತೇ ಹೊರತು ಎರಡು ಭಾಗವೂ ಗಟ್ಟಿಯಾಗಿದ್ದವು. ಪಾಪ, ಅವನ ಕೈ ಇನ್ನು ಅಷ್ಟೇ ಎಂದು ಹಾಲೇಶಪ್ಪ ಹತ್ತನೇ ಸಲ ಅಂದಾಗ ಹೆಂಡತಿ ಸೂಜಿ ನಿಲ್ಲಿಸಿದರು.

"ನಾನು ವಿಮಾನ ನೋಡ್ಲೇ ಇಲ್ಲ ಕಣ್ರೀ, ಭಯಕ್ಕೆ. ಅವನ ಕೈಯನ್ನೇ ನೋಡ್ತಿದ್ದೆ. ರಿಮೋಟಿನ ಆ ಕಡ್ಡಿನ ಪೂರ್ತಿ ಬಲಕ್ಕೆ ಒತ್ತಿ ಹಿಡಿದಿದ್ದ. ಅದು ಬೀಳೋವರೆಗೂ ಬಿಡ್ಲಿಲ್ಲ."

"ನಿಂಗೇನು ಗೊತ್ತಾಗುತ್ತೆ," ಎಂದರು ಅವರು. ಅಂದರೂ ಎದ್ದರು. ಸ್ಕೇಲು ತಂದು ಬಲರೆಕ್ಕೆಗೆ ಹಿಡಿದರು. ಎಂಬತ್ತು, ಕರಾರುವಾಕ್ಕಾಗಿ. ಎಡಕ್ಕೆ ಹಿಡಿದರು. ಎಪ್ಪತ್ತೆಂಟೂವರೆಗೂ ಬರಲಿಲ್ಲ. "ನೋಡ್ದಾ? ಕಿಟ್‌ನೋರು ಗಿಡ್ಡ ಕಳ್ಸಿದಾರೆ," ಎಂದು ಗೆದ್ದವರ ಹಾಗೆ ತಲೆಯೆತ್ತಿದರು. ಸತ್ಯಭಾಮಾ ಕೊರಳಲ್ಲಿದ್ದ ಹೊಲಿಗೆ ಟೇಪನ್ನು ಸುಮ್ಮನೆ ಎಡರೆಕ್ಕೆಯ ಮೇಲೆ ಹಾಸಿದರು. ಎಂಬತ್ತು. ಬಲರೆಕ್ಕೆಯ ಮೇಲೆ ಹಾಸಿದರು. ಎಂಬತ್ತೊಂದೂವರೆ ದಾಟಿತು.

ನಿನ್ನ ಟೇಪು ಸರಿಯಿಲ್ಲ ಎಂದರು ಹಾಲೇಶಪ್ಪ. ಸರಿಯಿಲ್ಲದಿದ್ದರೆ ಇಪ್ಪತ್ತು ವರ್ಷದಲ್ಲಿ ಒಂದಾದರೂ ರವಿಕೆ ವಾಪಸ್ ಬರಬೇಕಿತ್ತಲ್ಲ ಎಂದರು ಹೆಂಡತಿ.

ಆಗ ಹಾಲೇಶಪ್ಪ ಟೇಪನ್ನೂ ಸ್ಕೇಲನ್ನೂ ಅಕ್ಕಪಕ್ಕ ಇಟ್ಟರು. ಸ್ಕೇಲಿನ ನೂರು ಟೇಪಿನ ನೂರಾ ಎರಡರ ಪಕ್ಕ ನಿಂತಿತ್ತು. ಇದು ಅವರಿಗೆ ಗೊತ್ತಿಲ್ಲದ ವಿಷಯವೇ? ಕಾದ ಉಕ್ಕು ತಣ್ಣಗಾದಾಗ ಕುಗ್ಗುತ್ತದೆ, ನೂರಕ್ಕೆ ಎರಡರಷ್ಟು. ಅದಕ್ಕೇ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ರಗಳೆ ಬೇಡವೆಂದು ಪ್ಯಾಟರ್ನ್ ಶಾಪಿನ ಸ್ಕೇಲನ್ನೇ ಉದ್ದವಾಗಿ ಮಾಡಿರುತ್ತಾರೆ. ಹೊಸಬರಿಗೆ ಮೊದಲ ದಿನ ಅವರು ಹೇಳಿಕೊಡುತ್ತಿದ್ದ ಪಾಠ ಇದು. ರಿಟೈರ್ ಆದಾಗ ಜೊತೆಯವರು ಆ ಸ್ಕೇಲಿಗೆ ಹೆಸರು ಕೊರೆಸಿ, ಹಾರದ ಜೊತೆ ಕೈಗಿಟ್ಟಿದ್ದರು. ಮೂವತ್ನಾಲ್ಕು ವರ್ಷ ಬೇರೆ ಸ್ಕೇಲು ಮುಟ್ಟದ ಕೈ ಅದನ್ನೇ ಎತ್ತಿಕೊಂಡಿತ್ತು. ಬಾಲ್ಸಾ ಮರ ಕುಗ್ಗುವುದಿಲ್ಲ. ಬಲರೆಕ್ಕೆ ಉದ್ದ, ಅಗಲ ಎರಡರಲ್ಲೂ ದೊಡ್ಡದಾಗಿ, ಹೆಚ್ಚು ಎತ್ತಿ, ವಿಮಾನವನ್ನು ಎಡಕ್ಕೆ ಕೆಡವಿತ್ತು. ದಾರ ಹಿಡಿದಿದ್ದರೆ ಹೊಲದಲ್ಲೇ ಗೊತ್ತಾಗುತ್ತಿತ್ತು.

ಅವರು ಸ್ಕೇಲನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲೇ ಕೂತರು. ಮುರಳಿಗೆ ಫೋನ್ ಮಾಡ್ರಿ ಎಂದರು ಸತ್ಯಭಾಮಾ. ಅವರು ಮಾಡಲಿಲ್ಲ. ಬುಧವಾರವೂ ಮಾಡಲಿಲ್ಲ. ಹೇಗೂ ಅವನಿಗೆ ಐವತ್ತು ದಾಟಿತು, ಅಂಗಡಿ ಬಿಟ್ಟರೆ ಆರಾಮಾಗಿರುತ್ತಾನೆ ಎಂಬ ಹಲ್ಕಾ ಯೋಚನೆ ಕೂಡ ಒಮ್ಮೆ ಬಂದುಹೋಯಿತು. ಆ ಯೋಚನೆಗೆ ತಾವೇ ನಾಚಿ ಊಟ ಬಿಟ್ಟು ಎದ್ದರು.

ಗುರುವಾರ ಬೆಳಿಗ್ಗೆ ಎರಡು ರೆಕ್ಕೆಗಳನ್ನೂ ಸ್ಕೇಲನ್ನೂ ಹಳೇ ಸೀರೆಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ ಹತ್ತಿದರು. ಏನ್ ಯಜಮಾನ್ರೇ ಅದು ಎಂದು ಕೇಳಿದ ಕಂಡಕ್ಟರನಿಗೆ ಉತ್ತರ ಕೊಡಲಿಲ್ಲ.

ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಸುನಿಲ ತಂತಿಯ ಉರುಳೆಗಳನ್ನು ಎಣಿಸುತ್ತಿದ್ದ. ಬೀಗದ ಕೈ ಮೇಜಿನ ಮೇಲಿತ್ತು, ಮೇಜಿನ ಹಿಂದೆ ಮುರಳಿ ಕೂತಿದ್ದ. ಹಾಲೇಶಪ್ಪ ಸೀರೆಯ ಗಂಟು ಬಿಚ್ಚಿ, ಬೀಗದ ಕೈಯ ಪಕ್ಕ ಸ್ಕೇಲನ್ನಿಟ್ಟರು. ಅವರಿಗೆ ಕೂರುವುದೂ ತೋಚಲಿಲ್ಲ.

"ನಿನ್ ಕೈ ತಪ್ಪಲ್ಲ ಮುರಳಿ. ಇದು ಫೌಂಡ್ರಿ ಸ್ಕೇಲು, ನೂರಕ್ಕೆ ಎರಡು ಹೆಚ್ಚು. ಬಲರೆಕ್ಕೆ ಇದ್ರಲ್ಲೇ ಅಳೆದೆ. ನೀನು ಬಲಕ್ಕೆ ಒತ್ತಿದ್ದನ್ನ ನಿಮ್ಮಕ್ಕ ನೋಡಿದಾಳೆ. ಅದು ಹಾರೋ ವಿಮಾನವೇ ಆಗಿರ್ಲಿಲ್ಲ."

ಸುನಿಲನ ಎಣಿಕೆ ನಿಂತಿತು. ಯಾವತ್ತು ಗೊತ್ತಾಯಿತು ಎಂದು ಕೇಳಿದ ಮುರಳಿ. ಮಂಗಳವಾರ ಎಂದರು.

"ಮಂಗಳವಾರ," ಎಂದ ಮುರಳಿ. "ಎರಡು ದಿನ ಭಾವ. ಎರಡು ದಿನ ನಾನು ಎಡಗೈಯಲ್ಲಿ ಊಟ ಮಾಡಿದೀನಿ. ಈ ಕೈ ಮೇಲಿನ ಸಿಟ್ಟಿಗೆ."

ಹಾಲೇಶಪ್ಪನವರ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಮುರಳಿ ಎದ್ದು, ಗೋಡೆಯ ಮೊಳೆಗೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ದಾರ ತೆಗೆದ. ಒಂದು ತುದಿಯನ್ನು ಭಾವನ ಕಡೆ ಚಾಚಿದ.

"ಹಿಡೀರಿ."

ಅವರು ಹಿಡಿದರು. ಮೊದಲು ಎಡರೆಕ್ಕೆ. ಅದು ಮುಗಿದ ಜಾಗದಲ್ಲಿ ಮುರಳಿ ದಾರಕ್ಕೆ ಗಂಟು ಹಾಕಿಸಿದ. ಆಮೇಲೆ ಬಲರೆಕ್ಕೆ. ಹಾಲೇಶಪ್ಪ ಬುಡದಲ್ಲಿ ದಾರ ಒತ್ತಿ ಹಿಡಿದರು. ಮುರಳಿ ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಗಂಟನ್ನು ಹಿಡಿದು, ಹಿಡಿದದ್ದು ಗೊತ್ತಾಗದ್ದರಿಂದ ಕಣ್ಣಿಂದ ನೋಡಿಕೊಂಡು, ನಿಧಾನವಾಗಿ ಎಳೆದ. ರೆಕ್ಕೆ ಗಂಟಿನಾಚೆಗೆ ಒಂದು ಬೆರಳಗಲ ಚಾಚಿಕೊಂಡಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ದಾರ ಬಿಗಿಯಾಗಿತ್ತು, ಗಂಟು ಅವನ ಬೆರಳಿನಿಂದ ಜಾರಲಿಲ್ಲ.