ವಾಲಿದ ಮೂರು

ಶಿರಾ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬುಷ್ರಾ ಡಿಟಿಪಿ ಅಂಗಡಿ ನಡೆಸುತ್ತಿದ್ದಳು. ಮದುವೆ ಕಾರ್ಡಿಗೆ ಬಂದವರೆಲ್ಲ ವಧೂವರರ ಹೆಸರಿಗೆ ಕೇಳುತ್ತಿದ್ದುದು ಒಂದೇ ಬಗೆಯ ಅಕ್ಷರ: ದಪ್ಪಗೆ, ಬಲಕ್ಕೆ ವಾಲಿಕೊಂಡ, ಗೀಟಿನ ತುದಿಗಳಲ್ಲಿ ಸಣ್ಣ ಕೊಕ್ಕೆಯಿರುವ ಅಕ್ಷರ. ಅದರಲ್ಲಿ ಹೆಸರು ಹಾಕಿದರೆ ಯಾರೋ ಪಕ್ಕದಲ್ಲಿ ನಿಂತು ಕರೆದಂತೆ ಅವಳಿಗೂ ಅನ್ನಿಸುತ್ತಿತ್ತು.

ಕಳೆದ ಶ್ರಾವಣದ ಒಂದು ಮಂಗಳವಾರ ತಾವರೆಕೆರೆಯ ಪ್ರಸನ್ನ ಕುಮಾರ್ ಅಂಗಡಿಗೆ ಬಂದ. ಅವನ ತಾಯಿ ಕೆಂಚಮ್ಮನಿಗೆ ಮರೆವಿನ ಕಾಯಿಲೆ. ಹಿಂದಿನ ದಿನ ಸಿದ್ದರಬೆಟ್ಟದ ಜನಜಂಗುಳಿಯಲ್ಲಿ ಕೈತಪ್ಪಿ ಹೋಗಿದ್ದಳು. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಈಗ ಕೊರಟಗೆರೆ, ಮಧುಗಿರಿ ಕಡೆ ಅಂಟಿಸಲು ಫೋಟೊ ಇರುವ ಚೀಟಿ ಬೇಕಿತ್ತು. ಗುರುತು ಏನು ಹಾಕಲಿ ಎಂದು ಬುಷ್ರಾ ಕೇಳಿದಾಗ ಅವನು ಫೋಟೊವನ್ನು ಅವಳ ಮುಂದಿಟ್ಟು ಹೇಳಿದ.

“ಅಮ್ಮಂಗೆ ಅವಳ ಹೆಸ್ರೇ ನೆಪ್ಪಿಲ್ಲ ಕಣಮ್ಮ. ತವರಲ್ಲಿ ಕೆಂಚಕ್ಕ ಅಂತಿದ್ರು. ಅಂಗೆ ಕರದ್ರೆ ಮಾತ್ರ ತಿರುಗ್ತಾಳೆ.”

ಉಳಿದದ್ದನ್ನೆಲ್ಲ ಬುಷ್ರಾ ನೆಟ್ಟಗಿನ ಸಾದಾ ಅಕ್ಷರದಲ್ಲಿ ಹಾಕಿದಳು. ‘ಕೆಂಚಕ್ಕ ಎಂದು ಕರೆದರೆ ತಿರುಗುತ್ತಾರೆ’ ಎಂಬ ಸಾಲಿಗೂ ಪ್ರಸನ್ನನ ಫೋನ್ ನಂಬರಿಗೂ ಆ ವಾಲಿದ ದಪ್ಪ ಅಕ್ಷರ ಕೊಟ್ಟಳು. ಅವನು ಕಂಪ್ಯೂಟರಿನಲ್ಲಿ ನೋಡಿ ಸರಿಯಿದೆ ಎಂದ. ಮುನ್ನೂರು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಹೋದ.

ಬುಧವಾರವಿಡೀ ಅವನಿಗೆ ಒಂದು ಕರೆಯೂ ಬರಲಿಲ್ಲ. ಗುರುವಾರ ಬೆಳಿಗ್ಗೆ ಬುಷ್ರಾಳ ಅಂಗಡಿಗೇ ಫೋನ್ ಬಂತು. ಮಾತಾಡಿದವಳು ಕೊರಟಗೆರೆ ಹತ್ತಿರದ ಹಳ್ಳಿಯೊಂದರ ಅಂಗನವಾಡಿ ಟೀಚರ್ ಸ್ಪಂದನಾ. ದಾರಿ ತಪ್ಪಿದ ಅಜ್ಜಿಯೊಬ್ಬರು ಎರಡು ದಿನದಿಂದ ತನ್ನ ಮನೆಯಲ್ಲಿದ್ದಾರೆ. ಹಾಲಿನ ಡೈರಿಯ ಗೋಡೆಯಲ್ಲಿ ಚೀಟಿ ನೋಡಿ ಫೋನ್ ಮಾಡಿದರೆ ಯಾರೋ ರಾಂಗ್ ನಂಬರ್ ಅನ್ನುತ್ತಾರೆ. ಅದಕ್ಕೇ ಚೀಟಿಯ ಅಡಿಯಲ್ಲಿದ್ದ ಅಂಗಡಿಯ ನಂಬರಿಗೆ ಮಾಡಿದೆ ಎಂದಳು.

ಬುಷ್ರಾ ಮಿಕ್ಕಿದ್ದ ಚೀಟಿಯೊಂದನ್ನು ತೆಗೆದು ನೋಡಿದಳು. ಜೆರಾಕ್ಸಿನ ಮಸಿ ತುಂಬಿಕೊಂಡು ಪ್ರಸನ್ನನ ನಂಬರಿನಲ್ಲಿದ್ದ 3ರ ಕೊಕ್ಕೆಗಳು ನಡುವಿಗೆ ಅಂಟಿದ್ದವು. ಯಾರು ಓದಿದರೂ ಅದು 8. ಅವಳು ಫೋನನ್ನು ಮತ್ತೆ ಕಿವಿಗೆ ಹಿಡಿದಳು.

“ಅಕ್ಕ, ಅವರನ್ನ ಕೆಂಚಕ್ಕ ಅಂತ ಕರೆದು ನೋಡಿದ್ರಾ?”

“ಮೊದ್ಲು ಕಣ್ಣಿಗೆ ಬಿದ್ದಿದ್ದೇ ಆ ಸಾಲು. ಬಂದು ಕರದೆ. ಉಣ್ತಾ ಕೂತಿದ್ದೋರು ತಿರುಗಿ ‘ಏನವ್ವಾ’ ಅಂದ್ರು.”

ಬುಷ್ರಾ ಕೂಡಲೇ ಪ್ರಸನ್ನನಿಗೆ ತಿಳಿಸಿದಳು. ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅವಳ ಅಬ್ಬಾ ಕುತುಬುದ್ದೀನ್ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕರೆಯುವ ಮಾತು ವಾಲಿದರೆ ಚೆಂದ, ಅಂಕಿ ಮಾತ್ರ ನೆಟ್ಟಗೆ ನಿಲ್ಲಬೇಕು ಎಂದರು. ಬೈಯಲಿಲ್ಲ.

ಸಂಜೆ ನಾಲ್ಕಕ್ಕೆ ಪ್ರಸನ್ನ ತಾಯಿಯ ಕೈ ಹಿಡಿದುಕೊಂಡೇ ಅಂಗಡಿಗೆ ಬಂದ. ಬುಷ್ರಾ ಮೂರು ಎಂಟಾದ ಸಂಗತಿಯನ್ನು ಮುಚ್ಚಿಡದೆ ಹೇಳಿದಳು.

“ನಾನೂ ನೋಡಿ ಸರಿ ಐತೆ ಅಂದಿದ್ನಲ್ಲಮ್ಮ,” ಎಂದ ಪ್ರಸನ್ನ. “ಅಮ್ಮ ಸಿಕ್ಕುದ್ಲು. ಅಷ್ಟು ಸಾಕು ಬುಡು.”

ಬುಷ್ರಾ ಟೀ ತರಿಸಿದಳು. ಕೆಂಚಮ್ಮ ಒಂದು ಗುಟುಕು ಕುಡಿದು, ಸಕ್ಕರೆ ಸಾಲದು ಎಂದು ಲೋಟ ಮುಂದೆ ಚಾಚಿದಳು. ಪ್ರಸನ್ನ ಮೂರು ದಿನದ ಮೇಲೆ ಮೊದಲ ಸಲ ನಕ್ಕ. ಬುಷ್ರಾಳಿಗೂ ನಗು ಬಂತು; ಸಕ್ಕರೆ ತರಲು ಎದ್ದಳು.