ಇದರಲ್ಲಿ ಓಡುತ್ತದೆ

ಗಸ್ ನಾಲ್ಕನೆಯ ಸಲ ಕೀಲಿ ತಿರುಗಿಸಿದ. ಎಂಜಿನ್ ಗೊರಗೊರ ಎಂದು ಹತ್ತು ಹನ್ನೆರಡು ಸುತ್ತು ತಿರುಗಿ, ಒಮ್ಮೆ ಕೆಮ್ಮಿ, ಸುಮ್ಮನಾಯಿತು.

"ನಿಲ್ಸೋ ಮಾರಾಯ, ಬ್ಯಾಟ್ರಿ ಸತ್ತೋಗುತ್ತೆ," ಎಂದ ಪಕ್ಕದ ಮನೆಯ ಮರ್ಲ್. ಅವನ ಅರ್ಧ ದೇಹ ಬಾನೆಟ್ಟಿನ ಕೆಳಗಿತ್ತು. ಮೈಮೇಲೆ ಕರಿ ಸೂಟು. ಗ್ರೀಸ್ ತಾಗಬಾರದೆಂದು ಟೈಯನ್ನು ಷರ್ಟಿನ ಗುಂಡಿಗಳ ನಡುವೆ ತುರುಕಿಕೊಂಡಿದ್ದ.

"ಸಾಯೋನು ಸತ್ತಾಯ್ತು, ಬ್ಯಾಟ್ರಿದೇನು ಹೆಚ್ಚು," ಎಂದ ಗಸ್. ಅಷ್ಟು ಹೇಳಿ ತಲೆಯೆತ್ತಿದರೆ ಗ್ಯಾರೇಜಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವನು ನಾಲಿಗೆ ಕಚ್ಚಿಕೊಂಡ.

ಆರ್ಲೀನ್ ಕರಿ ಉಡುಪಿನ ಮೇಲೆ ಅಡುಗೆಯ ಏಪ್ರನ್ ಕಟ್ಟಿಕೊಂಡಿದ್ದಳು. ಬೆಳಗಿನ ಏಳರಿಂದ ನೆರೆಯ ಹೆಂಗಸರು ಒಬ್ಬರ ಹಿಂದೊಬ್ಬರು ಹಂದಿಮಾಂಸದ ತಟ್ಟೆ, ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆ ತಂದಿಟ್ಟು ಹೋಗುತ್ತಿದ್ದರು. ಫ್ರಿಜ್ಜಿನಲ್ಲಿ ಜಾಗ ಮುಗಿದು ಒಗೆಯುವ ಮೆಷಿನ್ನಿನ ಮೇಲೂ ಇಟ್ಟಾಗಿತ್ತು.

"ಎಷ್ಟೊತ್ತಾಗುತ್ತೆ?" ಎಂದು ಕೇಳಿದಳು.

"ಆಗೋಯ್ತು ಅಕ್ಕ. ಸ್ವಲ್ಪ ಟೈಮಿಂಗ್ ನೋಡ್ಬೇಕು, ಅಷ್ಟೆ."

"ಈ ಮಾತು ಮೂವತ್ತೈದು ವರ್ಷದಿಂದ ಕೇಳ್ತಿದೀನಿ. ಹೇಳೋ ಬಾಯಿ ಮಾತ್ರ ಇವತ್ತು ಬೇರೆ."

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಹತ್ತು. ಹತ್ತೂವರೆಗೆ ಪಾರ್ಕಿನ್ ಅವರ ಮಂದಿರದಲ್ಲಿ ಪ್ರಾರ್ಥನೆ. ಊರಿನ ಸಾವುಗಳ ಏರ್ಪಾಡೆಲ್ಲ ಅವರದೇ. ಹನ್ನೊಂದಕ್ಕೆ ಮೆರವಣಿಗೆ ಸ್ಮಶಾನದ ಕಡೆ ಹೊರಡಬೇಕು. ಶವದ ಗಾಡಿಯ ಮುಂದೆ ಈ ಹಸಿರು ಕಾರು ಹೋಗಬೇಕು, ಆರ್ಲೀನಳೇ ಓಡಿಸಬೇಕು. ಅವಳ ಗಂಡ ಡ್ವೇನ್ ಸ್ಟ್ರೋಬೆಲ್ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅವಳು ಆಗಲಿ ಅಂದಿದ್ದಳು. ಅಂದದ್ದನ್ನು ತಪ್ಪಿಸುವ ಹೆಂಗಸಲ್ಲ ಅವಳು. ತಪ್ಪಿಸುತ್ತಿದ್ದವನು ಅವನು.

"ನಿನ್ ಬ್ಯೂಕ್ ಕಾರು ಇದ್ಯಲ್ಲಮ್ಮ, ಅದ್ರಲ್ಲೇ ಹೋಗೋಣ," ಎಂದಳು ಹಿಂದೆ ಬಂದು ನಿಂತ ಮಗಳು ಬೆಕಿ. "ಅಪ್ಪ ಬೇಜಾರು ಮಾಡ್ಕೊಳಲ್ಲ."

"ಅವನು ಯಾಕೆ ಬೇಜಾರು ಮಾಡ್ಕೋತಾನೆ. ಬೇಜಾರೆಲ್ಲ ನಂದೇ ಅಲ್ವಾ."

*

ಅರವತ್ತೊಂಬತ್ತರ ಮಾಡೆಲ್, ಎರಡೇ ಬಾಗಿಲು, ಎಂಟು ಸಿಲಿಂಡರು. ಎಂಬತ್ತೆಂಟರ ವಸಂತದಲ್ಲಿ ಅದನ್ನು ಡ್ವೇನ್ ಕೊಂಡು ತಂದಾಗ ಅದು ಚೆನ್ನಾಗಿಯೇ ಓಡುತ್ತಿತ್ತು. ಇದನ್ನು ಮರೆಯಬಾರದು. ಪಕ್ಕದ ಊರಿಂದ ಮನೆಯವರೆಗೆ ಅವನೇ ಓಡಿಸಿಕೊಂಡು ಬಂದ. ಆರ್ಲೀನಳನ್ನು ಕೂರಿಸಿಕೊಂಡು ಬೀದಿ ಒಂದು ಸುತ್ತು ಬಂದ. ಕಿಟಕಿಯ ಗಾಜು ಇಳಿಸಿ ಅವಳು ಕೈ ಹೊರಗೆ ಚಾಚಿದಳು.

"ಭಾನುವಾರ ಕೆರೆಗೆ ಹೋಗೋಣ. ಕಟ್ಟೆ ಮೇಲೆ ಕೂತು ಪರ್ಚ್ ಮೀನಿನ ಸ್ಯಾಂಡ್‌ವಿಚ್ ತಿನ್ನೋಣ," ಎಂದ. ನಕ್ಷೆಯಲ್ಲಿ ಅದು ಈರಿ ಸರೋವರ. ಊರವರ ಬಾಯಲ್ಲಿ ಬರೀ ಕೆರೆ. ಹನ್ನೊಂದು ಮೈಲಿ.

ಭಾನುವಾರ ಆರ್ಲೀನ್ ತಲೆಗೆ ನೀಲಿ ಸ್ಕಾರ್ಫ್ ಕಟ್ಟಿಕೊಂಡು ಹೊರಬಂದರೆ ಗ್ಯಾರೇಜಿನಲ್ಲಿ ಬಾನೆಟ್ ಎದ್ದಿತ್ತು. ಕಾರ್ಬುರೇಟರ್ ಹಳೆಯ ಪೇಪರಿನ ಮೇಲೆ ಕೂತಿತ್ತು.

"ಇದು ಚಿಕ್ಕದು ಕಣೆ. ಎಂಜಿನ್‌ಗೆ ಉಸಿರು ಸಾಲ್ತಿಲ್ಲ. ಇದರಪ್ಪನಂಥದ್ದು ಒಂದು ತರಿಸ್ತಿದೀನಿ. ಬರೋ ವಾರ ನೋಡು."

ಬರುವ ವಾರ ಅದರಪ್ಪ ಬಂತು. ಅದಕ್ಕೆ ಪೆಟ್ರೋಲ್ ಪಂಪು ಸಾಲಲಿಲ್ಲ. ಪಂಪು ಬದಲಾಯಿಸಿದರೆ ಸೈಲೆನ್ಸರ್ ಕೊಳವೆಗಳು ಸಾಲಲಿಲ್ಲ, ಅವನ್ನು ಬದಲಾಯಿಸಿದರೆ ಟೈಮಿಂಗ್ ಹಾಳು. ಹೀಗೆ ಮೂವತ್ತೈದು ವರ್ಷ. ಅವನದೊಂದು ಪರೀಕ್ಷೆಯಿತ್ತು: ಎಂಜಿನ್ ಚಾಲೂ ಮಾಡಿ ಬಾನೆಟ್ಟಿನ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟ ಇಡುವುದು. ಚೆಲ್ಲದೆ ನಿಂತರೆ ಕಾರು ಸರಿಯಾಯಿತು ಅಂತ. ಒಂದು ಸಲವೂ ನಿಲ್ಲಲಿಲ್ಲ. ಮದುವೆಯಲ್ಲಿ ಬಂದ ಆರು ಗಾಜಿನ ಲೋಟಗಳು ಹೀಗೆ ಉರುಳಿ ಒಡೆದ ಮೇಲೆ ಆರ್ಲೀನ್ ಪ್ಲಾಸ್ಟಿಕ್ಕಿನವು ತಂದಳು.

ಕೆರೆಗೆ ಹೋಗಲೇ ಇಲ್ಲವೆಂದಲ್ಲ. ನೂರು ಸಲ ಹೋದರು, ಅವಳ ಕಾರಿನಲ್ಲಿ. ನೂರು ಸಲವೂ ಅವನು ಪಕ್ಕದ ಸೀಟಿನಲ್ಲಿ ಕೂತು, "ನಮ್ ಕಾರಲ್ಲಿ ಬಂದಿದ್ರೆ ಈ ಏರು ಗೊತ್ತೇ ಆಗ್ತಿರ್ಲಿಲ್ಲ," ಎಂದ.

*

"ನನ್ ಕೇಳಿದ್ರೆ ಇದು ಪೆಟ್ರೋಲ್ ಸಮಸ್ಯೆ," ಎಂದ ಮರ್ಲ್.

"ನಿಂಗೆ ತಲೆನೋವು ಬಂದ್ರೂ ಪೆಟ್ರೋಲ್ ಸಮಸ್ಯೆನೇ. ಇದು ಕಿಡಿ ಸಮಸ್ಯೆ. ಡಿಸ್ಟ್ರಿಬ್ಯೂಟರ್ ಒಂಚೂರು ತಿರುಗಿಸ್ಬೇಕು." ಗಸ್ ಅದರ ಮೇಲೆ ಕೈ ಇಟ್ಟು ಅಲ್ಲಿಯೇ ತಡೆದ. ಬುಡದಲ್ಲಿ ಹಳದಿ ಬಣ್ಣದ ಸಣ್ಣ ಗೆರೆಯಿತ್ತು. "ಅವನು ಹಾಕಿದ ಗುರುತು ಕಣೋ."

ಇಬ್ಬರೂ ಗೆರೆ ನೋಡುತ್ತ ನಿಂತರು. ಇನ್ನೊಬ್ಬ ಕೂರಿಸಿದ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಅವನನ್ನು ಕೇಳದೆ ಮುಟ್ಟುವುದು ಈ ಕಾರು ಬಿಚ್ಚುವ ಜನರಲ್ಲಿ ಇಲ್ಲ. ಹೆಂಡತಿಯನ್ನು ಕೇಳದೆ ಮನೆ ಮಾರಿದವರಿದ್ದಾರೆ. ಆದರೆ ಇದನ್ನು ಮಾಡಿದವರಿಲ್ಲ.

"ತಿರುಗಿಸು," ಎಂದಳು ಆರ್ಲೀನ್. "ಅವನೇನು ಬಂದು ಕೇಳಲ್ಲ."

ಗಸ್ ತಿರುಗಿಸಿದ. ಬೆಕಿ ಕೀಲಿ ತಿರುಗಿಸಿದಳು. ಕಾರ್ಬುರೇಟರಿನ ಬಾಯಿಂದ ಢಂ ಎಂದು ಗೇಣುದ್ದ ಬೆಂಕಿ ಎದ್ದಿತು. ಮರ್ಲ್ ಹಿಂದಕ್ಕೆ ಹಾರಿದ. ಅವನ ಎಡಗಡೆ ಹುಬ್ಬು ಅರ್ಧ ಹೋಗಿತ್ತು, ಮೂಗಿನ ತುಂಬ ಮಸಿ.

"ಪೆಟ್ರೋಲ್ ಬರ್ತಿದೆ ಹಾಗಾದ್ರೆ," ಎಂದ ಗಸ್.

ಮರ್ಲ್‌ನ ಮುಖ ಒರೆಸಲು ಬಟ್ಟೆ ಬೇಕಾಗಿತ್ತು. ಆರ್ಲೀನ್ ಗೊಣಗುತ್ತ ಬೆಂಚಿನ ಕೆಳಗಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದಳು. ಕೊನೆಯದರಲ್ಲಿ ಕೆಂಪು ಚೌಕುಳಿಯ ಟವೆಲ್ಲಿನ ಒಂದು ಗಂಟಿತ್ತು.

"ನನ್ ಟವೆಲ್," ಎಂದಳು. "ಇದು ವರ್ನಾ ಎತ್ಕೊಂಡು ಹೋಗಿದಾಳೆ ಅಂತ ಎರಡು ಕ್ರಿಸ್‌ಮಸ್ ಅವಳ ಹತ್ರ ಮಾತು ಬಿಟ್ಟಿದ್ದೆ. ತನ್ನ ಸ್ವಂತ ತಂಗಿ ಬೈಸ್ಕೊತಿದ್ರೆ ಈ ಪುಣ್ಯಾತ್ಮ ಪಕ್ಕದಲ್ಲಿ ಕೂತು ಕೇಕ್ ತಿಂತಿದ್ದ."

ಗಂಟು ಬಿಚ್ಚಿದಳು. ಒಳಗೆ ಹಳೆಯ ಕಾರ್ಬುರೇಟರ್. ಕಾರಿನ ಜೊತೆ ಬಂದ, ಉಸಿರು ಸಾಲದ, ಚಿಕ್ಕದು. ತೊಳೆದಿಟ್ಟ ಚಮಚದ ಹಾಗೆ ಹೊಳೆಯುತ್ತಿತ್ತು. ಹೊಸ ಗ್ಯಾಸ್ಕೆಟ್ಟು, ನಾಲ್ಕು ಬೋಲ್ಟು, ಎಲ್ಲ ಪಕ್ಕದಲ್ಲೇ. ಅದರ ಕತ್ತಿನ ಸುತ್ತ ದಾರದಲ್ಲೊಂದು ಚೀಟಿ ಕಟ್ಟಿತ್ತು, ಡ್ವೇನ್‌ನ ಒತ್ತೊತ್ತು ಅಕ್ಷರ: "ಇದರಲ್ಲಿ ಓಡುತ್ತದೆ." ಅದರ ಕೆಳಗೆ ಸಾಲಾಗಿ ಇಸವಿಗಳು. ತೊಂಬತ್ತರಿಂದ ಹೋದ ವರ್ಷದವರೆಗೆ ಒಂದೂ ಬಿಟ್ಟಿರಲಿಲ್ಲ. ಪ್ರತಿ ವರ್ಷವೂ ಬಿಚ್ಚಿ, ತೊಳೆದು, ಮತ್ತೆ ಗಂಟು ಕಟ್ಟಿದ್ದ.

ಆರ್ಲೀನ್ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಇಬ್ಬರು ಗಂಡಸರ ಕಡೆ ತಿರುಗಿದಳು. ಅವರು ನೆಲ ನೋಡುತ್ತಿದ್ದರು.

"ನಿಮಗೆ ಗೊತ್ತಿತ್ತು," ಎಂದಳು.

"ಎಲ್ರಿಗೂ ಗೊತ್ತಿತ್ತು ಆರ್ಲೀನ್," ಎಂದ ಮರ್ಲ್. "ಇದನ್ನ ಹಾಕಿದ್ರೆ ಓಡುತ್ತೆ. ನಾನೇ ಎಷ್ಟು ಸಲ ಹೇಳಿದೀನಿ. ಅವನು ಕೇಳ್ತಿದ್ದ, 'ಓಡಿದ್ಮೇಲೆ ಏನ್ ಮಾಡ್ಲಿ?' ಅಂತ."

"ಏನ್ ಮಾಡ್ಲಿ ಅಂದ್ರೆ? ನನ್ನ ಕೂರಿಸ್ಕೊಂಡು ಹೋಗೋದು. ಅದು ಗೊತ್ತಾಗ್ಲಿಲ್ವಾ?"

ಆರ್ಲೀನಳಿಗೆ ಆ ಲೋಹದ ತುಂಡನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಕೈ ಎತ್ತಿದಳು ಕೂಡ. ಬೆಕಿ ಹೆದರಿ, "ಅಮ್ಮ," ಎಂದಳು.

ಬೀದಿಯ ಪ್ರತಿ ಮನೆಯ ಹುಲ್ಲು ಕತ್ತರಿಸುವ ಯಂತ್ರ ಡ್ವೇನ್‌ನ ಕೈಯಲ್ಲಿ ಸರಿಯಾಗಿತ್ತು. ಪಾದ್ರಿಯ ವ್ಯಾನು, ಮರ್ಲ್‌ನ ಟ್ರಕ್ಕು, ಬೆಕಿಯ ಮೂರು ಮುರುಕು ಕಾರುಗಳು, ಎಲ್ಲವೂ. ಸಂಜೆ ಬಂದು ತೊಗೊಂಡು ಹೋಗ್ತೀವಿ ಅಂದರೆ ಸಂಜೆಗೆ ತಯಾರು. ಮೂವತ್ನಾಲ್ಕು ವರ್ಷ ಗೇರ್‌ಬಾಕ್ಸ್ ಕಾರ್ಖಾನೆಗೆ ಒಂದು ದಿನವೂ ತಡವಾಗಿ ಹೋದವನಲ್ಲ. ಕಾಯಿಸಿದ್ದು ಒಬ್ಬಳನ್ನೇ.

ಅವಳು ಕೈ ಇಳಿಸಿದಳು. ಕಾರ್ಬುರೇಟರನ್ನು ಗಸ್‌ನ ಎದೆಗೆ ಒತ್ತಿ ಹಿಡಿದಳು. "ಹಾಕು."

*

ಆಸ್ಪತ್ರೆಯಲ್ಲಿ, ಕೊನೆಯ ಗುರುವಾರ ಮಧ್ಯಾಹ್ನ, ಡ್ವೇನ್ ಮೂಗಿನ ನಳಿಗೆ ಸರಿಸಿಕೊಂಡು ಹೇಳಿದ್ದ:

"ನೀನೇ ಓಡಿಸ್ಬೇಕು. ಗಸ್‌ಗೆ ಕೊಡ್ಬೇಡ, ಕ್ಲಚ್ ಸುಡ್ತಾನೆ."

"ಓಡಿದ್ರೆ ತಾನೇ ಓಡ್ಸೋದು."

"ಓಡುತ್ತೆ. ಕೆಳಗಿನ ಡ್ರಾಯರ್..." ಅಷ್ಟರಲ್ಲಿ ಕೆಮ್ಮು ಬಂತು. ನರ್ಸ್ ಬಂದಳು. ಡ್ರಾಯರಿನಲ್ಲಿ ವಿಮೆಯ ಕಾಗದವೇನಾದರೂ ಇರಬೇಕು ಅಂದುಕೊಂಡು ಆರ್ಲೀನ್ ಮನೆಗೆ ಬಂದು ಅಡುಗೆಮನೆಯ ಡ್ರಾಯರುಗಳನ್ನೆಲ್ಲ ಹುಡುಕಿದ್ದಳು.

*

ಇಪ್ಪತ್ತೆರಡು ನಿಮಿಷ ಹಿಡಿಯಿತು. ಆರ್ಲೀನ್ ಗಡಿಯಾರ ನೋಡುತ್ತಲೇ ನಿಂತಿದ್ದಳು. ಗಸ್ ಟೈಮಿಂಗನ್ನು ಹಳದಿ ಗೆರೆಗೇ ವಾಪಸ್ ತಂದ. ದೊಡ್ಡದನ್ನು ಬಿಚ್ಚಿ, ಚಿಕ್ಕದನ್ನು ಕೂರಿಸಿ, ಪೆಟ್ರೋಲಿನ ಕೊಳವೆ ಸಿಕ್ಕಿಸಿ, ಇಬ್ಬರೂ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದರು. ಈ ಸಲ ಅವಳೇ ಕೂತು ಕೀಲಿ ತಿರುಗಿಸಿದಳು.

ಎರಡನೆಯ ಸುತ್ತಿಗೇ ಹಿಡಿಯಿತು. ಕೆಮ್ಮಿಲ್ಲ, ಹೊಗೆಯಿಲ್ಲ, ನಡುಕವಿಲ್ಲ. ಎಂಬತ್ತೆಂಟರಲ್ಲಿ ಬೀದಿ ಸುತ್ತಿದಾಗ ಕೇಳಿದ್ದ ಅದೇ ದನಿ.

ಮರ್ಲ್ ಟೋಪಿ ತೆಗೆದ. ಆರ್ಲೀನ್ ಮಾತ್ರ ಸ್ಟಿಯರಿಂಗನ್ನು ಅಂಗೈಯಿಂದ ಗುದ್ದಿದಳು. ಮತ್ತೆ ಮತ್ತೆ ಗುದ್ದಿದಳು. ಅವನು ಸತ್ತ ದಿನದಿಂದ ಅವಳು ಅತ್ತಿರಲಿಲ್ಲ.

"ಇಪ್ಪತ್ತೆರಡು ನಿಮಿಷ," ಎಂದಳು ಅಳುತ್ತ. "ಬರೀ ಇಪ್ಪತ್ತೆರಡು ನಿಮಿಷದ ಕೆಲಸ ಕಣೋ ಇದು."

*

ಪ್ರಾರ್ಥನೆಗೆ ಸಮಯಕ್ಕೆ ಮುಟ್ಟಿದರು. ಹನ್ನೊಂದಕ್ಕೆ ಮೆರವಣಿಗೆ ಹೊರಟಿತು. ಮುಂದೆ ಹಸಿರು ಕಾರು, ಹಿಂದೆ ಪಾರ್ಕಿನ್ ಓಡಿಸುವ ಶವದ ಗಾಡಿ, ಅದರ ಹಿಂದೆ ಮೂವತ್ತು ಚಿಲ್ಲರೆ ಕಾರುಗಳು. ಹಾಡುಹಗಲಲ್ಲೂ ಎಲ್ಲರ ದೀಪ ಉರಿಯುತ್ತಿತ್ತು. ಮೆರವಣಿಗೆಯಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವುದಿಲ್ಲ, ಸಾಲು ಬಿಡುವುದಿಲ್ಲ. ಮುಂದಿನ ಗಾಡಿ ಹೋದಲ್ಲಿಗೆ ಹೋಗುವುದಷ್ಟೇ. ಎದುರಿಂದ ಬರುವವರು ಕೂಡ ರಸ್ತೆಯ ಅಂಚಿಗೆ ನಿಲ್ಲಿಸಿ ಕಾಯುತ್ತಾರೆ.

ಬೆಕಿ ಪಕ್ಕದಲ್ಲಿ ಕೂತಿದ್ದಳು. ಎರಡನೆಯ ಮೈಲಿಯಲ್ಲಿ ಸ್ಮಶಾನದ ಕಬ್ಬಿಣದ ಗೇಟು ಎಡಗಡೆ ಕಂಡಿತು.

"ಅಮ್ಮ, ಗೇಟು."

"ಕಾಣ್ತಿದೆ."

"ಅಮ್ಮ, ತಿರುಗಿಸ್ಬೇಕು."

ಆರ್ಲೀನ್ ಕಿಟಕಿಯ ಗಾಜು ಇಳಿಸಿದಳು. ಗೇಟು ಹಿಂದೆ ಉಳಿಯಿತು. ಕನ್ನಡಿಯಲ್ಲಿ ಶವದ ಗಾಡಿಯ ಎಡಗಡೆಯ ಇಂಡಿಕೇಟರ್ ದೀಪ ಮಿನುಗುತ್ತಿತ್ತು. ಸ್ವಲ್ಪ ಹೊತ್ತು ಮಿನುಗಿತು, ಆಮೇಲೆ ಆರಿತು. ಗಾಡಿ ನೇರ ಬಂತು. ಅದರ ಹಿಂದೆ ಗಸ್, ಮರ್ಲ್, ಪಾದ್ರಿಯ ವ್ಯಾನು, ವರ್ನಾ, ಕಾರ್ಖಾನೆಯ ಹಳೆಯ ಗೆಳೆಯರು, ಒಬ್ಬೊಬ್ಬರಾಗಿ ಎಲ್ಲರೂ ಗೇಟು ದಾಟಿ ಬಂದರು.

ಏರಿನಲ್ಲಿ ಕಾರು ಒಂದಿಷ್ಟೂ ತೇಕಲಿಲ್ಲ. "ಅವನು ಹೇಳ್ತಿದ್ದದ್ದು ನಿಜ," ಎಂದಳು ಆರ್ಲೀನ್, ಸಿಟ್ಟಿನಿಂದಲೇ. "ಏರು ಗೊತ್ತೇ ಆಗಲ್ಲ."

ಕೆರೆಯ ಕಟ್ಟೆಯ ಪಕ್ಕದ ಬಯಲಿನಲ್ಲಿ, ನೀರಿಗೆ ಮುಖ ಮಾಡಿ ಕಾರು ನಿಂತಿತು. ಪಕ್ಕದಲ್ಲಿ ಶವದ ಗಾಡಿ ಬಂದು ನಿಂತಿತು. ಪಾರ್ಕಿನ್ ಇಳಿದು ಬಂದು ಕಿಟಕಿಗೆ ಬಾಗಿದರು.

"ಮೇಡಂ, ಅಲ್ಲಿ ಗುಂಡಿ ತೋಡಿದವರು ಕಾಯ್ತಿದಾರೆ. ಇಲ್ಲಿ ಎಷ್ಟೊತ್ತು?"

"ಒಂದು ಸ್ಯಾಂಡ್‌ವಿಚ್ ತಿನ್ನೋಷ್ಟು ಹೊತ್ತು. ನಾನು ಎಷ್ಟು ಕಾದಿದೀನಿ, ಅವರೂ ಸ್ವಲ್ಪ ಕಾಯ್ಲಿ. ನಿಮಗೂ ಒಂದು ಹೇಳ್ಲಾ?"

ಪಾರ್ಕಿನ್ ನೀರಿನ ಕಡೆ ನೋಡಿದರು, ಕೈಗಡಿಯಾರ ನೋಡಿದರು. "ಈರುಳ್ಳಿ ಬೇಡ," ಎಂದರು.

ಗಸ್ ಮೀನಿನ ಅಂಗಡಿಯಿಂದ ಪೊಟ್ಟಣಗಳನ್ನೂ ಅಂಚಿನವರೆಗೆ ತುಂಬಿದ ಒಂದು ಕಾಫಿಯನ್ನೂ ಹಿಡಿದುಕೊಂಡು ಬಂದ. "ಎಂಜಿನ್ ಆರ್ಸು ಅಕ್ಕ, ಪೆಟ್ರೋಲ್ ದಂಡ."

"ಆರಿಸಲ್ಲ," ಎಂದಳು ಆರ್ಲೀನ್. "ನಂಗೆ ಇದ್ರ ಮೇಲೆ ನಂಬಿಕೆ ಇಲ್ಲ."

ಪೊಟ್ಟಣ ಕೊಡಲು ಎರಡು ಕೈ ಬೇಕಾಗಿ ಗಸ್ ಕಾಫಿಯ ಲೋಟವನ್ನು ಬಾನೆಟ್ಟಿನ ಮೇಲಿಟ್ಟ. ಇಟ್ಟ ಮೇಲೆ ಅವನಿಗೆ ನೆನಪಾಯಿತು. ತೆಗೆಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮರ್ಲ್ ಬಂದು ಅವನ ಪಕ್ಕ ನಿಂತ. ವರ್ನಾ ಬಂದಳು, ಪಾದ್ರಿ ಬಂದ. ಕಾರಿನೊಳಗೆ ಆರ್ಲೀನ್ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚುತ್ತಿದ್ದಳು. ಎಂಜಿನ್ ಓಡುತ್ತಲೇ ಇತ್ತು. ಲೋಟ ಇಟ್ಟಲ್ಲೇ ನಿಂತಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ, ಯಾರೂ ಅದನ್ನು ಮುಟ್ಟಲಿಲ್ಲ.